ರೇವಾ ಕಲಿಸಿದ ಪಾಠಕ್ಕೆ ಶಹಾಪುರದಲ್ಲಿ ಜಾಗವಿದೆ

ರೇವಾ ವಿದ್ಯುತ್ ಕಾರಿನ ಚೇತನ್ ಮೈನಿ ಅವರ ಹೆಸರು ಬಂದಾಗಲೆಲ್ಲ ‘ಕಾಲಕ್ಕಿಂತ ಮುಂಚೆ ಬಂದ ಎಂಜಿನಿಯರ್’ ಎಂದು ಹೊಗಳಿ ಮಾತು ಮುಗಿಸುತ್ತೇವೆ. ಈ ಹೊಗಳಿಕೆಯಿಂದ ಲಾಭವಾಗುವುದು ಸರ್ಕಾರಗಳಿಗೆ. ತಡವಾಗಿ ಎಚ್ಚೆತ್ತದ್ದು ಸರ್ಕಾರಗಳೇ ಎಂಬುದು ಅದರಲ್ಲಿ ಮರೆತುಹೋಗುತ್ತದೆ.

ಬೆಂಗಳೂರಿನ ಮೈನಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಸೌರ ಕಾರು ಕಟ್ಟಿದ ವಿದ್ಯಾರ್ಥಿ ತಂಡದಲ್ಲಿದ್ದರು. 1990ರಲ್ಲಿ ಆ ಕಾರು ಅಮೆರಿಕದ ಸ್ಪರ್ಧೆ ಗೆದ್ದು, ಆಸ್ಟ್ರೇಲಿಯಾದ ಸ್ಪರ್ಧೆಯಲ್ಲಿ ಮೂರನೆಯ ಸ್ಥಾನ ಪಡೆಯಿತು. 1994ರಲ್ಲಿ ಅವರ ಕುಟುಂಬದ ಮೈನಿ ಸಮೂಹ ಅಮೆರಿಕದ ಅಮೆರಿಗಾನ್ ಕಂಪನಿಯೊಂದಿಗೆ ಸೇರಿ ರೇವಾ ಸಂಸ್ಥೆ ಸ್ಥಾಪಿಸಿತು. 2001ರಲ್ಲಿ ಎರಡು ಬಾಗಿಲಿನ ಪುಟ್ಟ ವಿದ್ಯುತ್ ಕಾರು ಬೆಂಗಳೂರಿನ ರಸ್ತೆಗಿಳಿಯಿತು. ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 80 ಕಿ.ಮೀ. ಓಟ ಎಂಬುದು ಕಂಪನಿಯ ಭರವಸೆ.

ಅದೇ ಕಾರಿಗೆ ಹೆಸರು ಬಂದದ್ದು ಲಂಡನ್‌ನಲ್ಲಿ, ‘ಜಿ–ವಿಜ್’ ಆಗಿ. ಅಲ್ಲಿನ ಆಡಳಿತ 2003ರಲ್ಲಿ ನಗರದ ನಡುಭಾಗಕ್ಕೆ ಬರುವ ವಾಹನಗಳಿಗೆ ದಟ್ಟಣೆ ಶುಲ್ಕ ಹಾಕಿ, ವಿದ್ಯುತ್ ವಾಹನಗಳಿಗೆ ವಿನಾಯಿತಿ ಕೊಟ್ಟಿತ್ತು. ಭಾರತದಲ್ಲಿ ಕೇಂದ್ರದ ಪ್ರೋತ್ಸಾಹಧನ ಬಂದದ್ದು 2010ರ ಕೊನೆಗೆ. 2012ರ ಮಾರ್ಚ್‌ಗೆ ಅದೂ ನಿಂತಿತು. ವಿದ್ಯುತ್ ವಾಹನಗಳಿಗೆ ನೆರವು ಕೊಡುವ ಕೇಂದ್ರದ ಫೇಮ್ ಯೋಜನೆ ಶುರುವಾಗುವ ಹೊತ್ತಿಗೆ 2015 ಬಂದಿತ್ತು. ಅಷ್ಟರಲ್ಲಿ, 2010ರಲ್ಲೇ, ರೇವಾದ ಶೇ 55.2ರಷ್ಟು ಪಾಲು ಮಹೀಂದ್ರಾ ಕೈ ಸೇರಿತ್ತು.

ಕಾರಿನ ದೋಷಗಳನ್ನು ಮುಚ್ಚಿಡಬೇಕಿಲ್ಲ. ಸೀಸ–ಆಮ್ಲದ ಭಾರದ ಬ್ಯಾಟರಿ, ಇಕ್ಕಟ್ಟಾದ ಹಿಂದಿನ ಸೀಟು ಎಲ್ಲರಿಗೂ ಕಂಡದ್ದೇ. ಯುರೋಪಿನಲ್ಲಿ ಅದನ್ನು ಕಾರೆಂದು ಲೆಕ್ಕಿಸದೆ ಕ್ವಾಡ್ರಿಸೈಕಲ್ ವರ್ಗಕ್ಕೆ ಸೇರಿಸಿದ್ದರಿಂದ ಕಾರುಗಳ ಡಿಕ್ಕಿ ಪರೀಕ್ಷೆ ಅದಕ್ಕೆ ಕಡ್ಡಾಯವಿರಲಿಲ್ಲ. ಸುರಕ್ಷತೆಯ ಬಗ್ಗೆ ಬಂದ ಟೀಕೆಯಲ್ಲಿ ಹುರುಳಿತ್ತು.

ಮೈನಿ ಅವರ ಎರಡನೇ ಅಧ್ಯಾಯ ನಮಗೆ ಹೆಚ್ಚು ಮುಖ್ಯ. 2017ರಲ್ಲಿ ಅವರು ಉದಯ್ ಖೇಮ್ಕಾ ಜೊತೆ ಸನ್ ಮೊಬಿಲಿಟಿ ಕಟ್ಟಿದರು. ವಿದ್ಯುತ್ ವಾಹನದಲ್ಲಿ ಎಲ್ಲಕ್ಕಿಂತ ದುಬಾರಿ ಭಾಗ ಬ್ಯಾಟರಿ. ಅದನ್ನು ವಾಹನದ ಬೆಲೆಯಿಂದಲೇ ತೆಗೆದುಹಾಕಿ, ಖಾಲಿಯಾದದ್ದನ್ನು ಕೇಂದ್ರದಲ್ಲಿ ಕೊಟ್ಟು ತುಂಬಿದ್ದನ್ನು ಪಡೆಯುವಂತೆ ಮಾಡುವುದು ಇದರ ಹೂರಣ. ಚಾಲಕ ಬಳಸಿದಷ್ಟಕ್ಕೆ ಹಣ ಕೊಟ್ಟರೆ ಸಾಕು. ಬ್ಯಾಟರಿ ಹಳತಾಗುವ ಚಿಂತೆ ಕಂಪನಿಯದು.

ಈ ಲೆಕ್ಕವನ್ನು ನಮ್ಮ ಯಾದಗಿರಿ ಜಿಲ್ಲೆಯ ರಸ್ತೆಗೆ ಹಚ್ಚಿ ನೋಡಿ. ಯಾದಗಿರಿಯಿಂದ ಶಹಾಪುರಕ್ಕೆ ಸುಮಾರು 35 ಕಿ.ಮೀ., ಅಲ್ಲಿಂದ ಸುರಪುರಕ್ಕೆ 25ರ ಆಸುಪಾಸು. ಹೋಗಿ ಬರಲು 120. ಹಳೆಯ ರೇವಾ ಹಿಂತಿರುಗುವಾಗ ದಾರಿಯಲ್ಲೇ ನಿಲ್ಲುತ್ತಿತ್ತು. ಶಹಾಪುರದಲ್ಲಿ ಬ್ಯಾಟರಿ ಬದಲಿಸುವ ಒಂದು ಕೇಂದ್ರವಿದ್ದರೆ ಬ್ಯಾಟರಿಯಿಂದ ಓಡುವ ಟಂಟಂ, ಅಂದರೆ ಮೂರು ಚಕ್ರದ ಬಾಡಿಗೆ ವಾಹನ, ಸುರಪುರ ಮುಟ್ಟಿ ನಿರಾಳವಾಗಿ ಮರಳಬಹುದು. ಶಹಾಪುರ, ಸುರಪುರಗಳಿಗೆ ರೈಲು ನಿಲ್ದಾಣವಿಲ್ಲ. ಯಾದಗಿರಿಯಲ್ಲಿ ರೈಲು ಇಳಿದವರಿಗೆ ಮುಂದಿನದು ರಸ್ತೆಯೇ. ಸಂತೆಗೆ, ಕೂಲಿಗೆ, ಆಸ್ಪತ್ರೆಗೆ ಹೊರಟವರು ಬಸ್ಸಿಲ್ಲದ ಹೊತ್ತಿನಲ್ಲಿ ನೆಚ್ಚುವುದು ಟಂಟಂ, ಕ್ರೂಸರ್‌ಗಳನ್ನೇ. ದಿನದ ದುಡಿಮೆಯಲ್ಲಿ ಸಾಲದ ಕಂತು, ಡೀಸೆಲ್ ಎರಡನ್ನೂ ಕಳೆದು ಮನೆ ನಡೆಸುವವನಿಗೆ ವಾಹನದ ಬೆಲೆ ಇಳಿಯುವುದು ದೊಡ್ಡ ಮಾತು. ಚಾರ್ಜಿಂಗ್‌ಗಾಗಿ ಗಂಟೆಗಟ್ಟಲೆ ನಿಲ್ಲುವುದು ಅವನಿಗೆ ಬಾಡಿಗೆ ತಪ್ಪಿದಂತೆ.

ಆಕ್ಷೇಪಗಳಿವೆ. ಕಾರುಗಳ ಬ್ಯಾಟರಿ ಬದಲಿಸಲು ಹೊರಟ ಇಸ್ರೇಲ್‌ನ ಬೆಟರ್ ಪ್ಲೇಸ್ 2013ರಲ್ಲಿ ದಿವಾಳಿಯಾಯಿತು. ಆದರೆ ಅದು ಇಡೀ ಕಾರಿನ ಬ್ಯಾಟರಿಯನ್ನು ಯಂತ್ರದಿಂದ ಬದಲಿಸುತ್ತಿತ್ತು. ಟಂಟಂನ ಸಣ್ಣ ಬ್ಯಾಟರಿಗಳನ್ನು ಕೈಯಲ್ಲೇ ಎತ್ತಿಡಬಹುದು. ಒಬ್ಬರ ಬ್ಯಾಟರಿ ಇನ್ನೊಬ್ಬರ ವಾಹನಕ್ಕೆ ಹೊಂದುವುದಿಲ್ಲ ಎಂಬ ತಕರಾರು ಇದಕ್ಕಿಂತ ಗಟ್ಟಿಯಾದದ್ದು. ಬ್ಯಾಟರಿ ವಿನಿಮಯ ನೀತಿ ತರುವುದಾಗಿ ಕೇಂದ್ರ 2022ರ ಬಜೆಟ್‌ನಲ್ಲಿ ಹೇಳಿತು, ನೀತಿ ಆಯೋಗ ಕರಡನ್ನೂ ಹೊರಡಿಸಿತು. ತಯಾರಕರೆಲ್ಲ ಒಪ್ಪಿದ ಒಂದೇ ಅಳತೆ ಮಾತ್ರ ಬರಲಿಲ್ಲ. ತೆರಿಗೆಯೂ ತೊಡಕೇ: ವಾಹನದೊಂದಿಗೆ ಬಂದ ಬ್ಯಾಟರಿಗೆ ಜಿಎಸ್‌ಟಿ ಶೇ 5, ಬೇರೆಯಾಗಿ ಕೊಂಡರೆ ಶೇ 18. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಬಿಸಿಲು ಬ್ಯಾಟರಿಯ ಆಯಸ್ಸನ್ನು ತಿನ್ನುತ್ತದೆ. ಆ ನಷ್ಟವನ್ನು ಬಡ ಚಾಲಕನ ಬದಲು ಕಂಪನಿ ಹೊರುವುದೇ ನ್ಯಾಯ.

2017ರಲ್ಲಿ ದೇಶದಲ್ಲೇ ಮೊದಲು ವಿದ್ಯುತ್ ವಾಹನ ನೀತಿ ತಂದ ರಾಜ್ಯ ಕರ್ನಾಟಕ. ಆ ನೀತಿಯ ಫಲ ಬೆಂಗಳೂರಿನ ಸುತ್ತಲೇ ನಿಂತರೆ ಹೆಮ್ಮೆಪಡಲು ಏನೂ ಉಳಿಯುವುದಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಕಟ್ಟಡ, ರಸ್ತೆಗಳಿಗೆ ಕೊಡುವ ಹಣದಲ್ಲಿ ಒಂದು ಸಣ್ಣ ಪಾಲನ್ನು ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಮೂರು ಬ್ಯಾಟರಿ ಕೇಂದ್ರಗಳಿಗೆ ಮೀಸಲಿಡಲಿ. ಟಂಟಂ ಚಾಲಕರ ಸಂಘಗಳನ್ನು ಕೂಡಿಸಿಕೊಂಡು, ಸ್ಥಳೀಯ ಐಟಿಐ ಯುವಕರಿಗೆ ದುರಸ್ತಿಯ ತರಬೇತಿ ಕೊಟ್ಟು, ಎರಡು ವರ್ಷ ಪ್ರಯೋಗ ನಡೆಸಿ ಲೆಕ್ಕವನ್ನು ಜನರ ಮುಂದಿಡಲಿ. ರೇವಾ ಕಾಲದಲ್ಲಿ ಸರ್ಕಾರ ಮಾಡಿದ ವಿಳಂಬ ಒಂದು ಕಂಪನಿಯನ್ನು ಸೊರಗಿಸಿತು. ಈ ಬಾರಿ ತಡ ಮಾಡಿದರೆ ಸೊರಗುವುದು ಒಂದು ಜಿಲ್ಲೆಯ ದುಡಿಯುವ ಜನ.