ಹಳೆಯ ತಂತಿ ತೋರಿದ ದಾರಿ

ಹಿಂದಿನ ತಲೆಮಾರಿನ ಸೈಕಲ್ಲಿಗೆ ಗುಟ್ಟೆಂಬುದೇ ಇರಲಿಲ್ಲ. ಹ್ಯಾಂಡಲ್ಲಿನಿಂದ ಹೊರಟ ಉಕ್ಕಿನ ಸರಳು ಎಲ್ಲರ ಕಣ್ಣೆದುರಿಗೇ ಇಳಿದು, ಮೊಣಕೈಯಂತೆ ಬಾಗಿ, ಬ್ರೇಕಿನ ರಬ್ಬರನ್ನು ಗಾಲಿಯ ರಿಮ್ಮಿಗೆ ಒತ್ತುತ್ತಿತ್ತು. ಸರಳು ಸಡಿಲವಾದರೆ ಗಡಗಡ ಸದ್ದು. ತುಕ್ಕು ಹಿಡಿದರೆ ಕೆಂಪು ಕಲೆ. ಬೀದಿಯ ಕೊನೆಯಲ್ಲಿದ್ದ ಸೈಕಲ್ ಶಾಪಿನವನು ದೂರದಿಂದಲೇ ನೋಡಿ ರೋಗವನ್ನು ಹೇಳಿಬಿಡುತ್ತಿದ್ದ. ಇಂದಿನ ಗೇರ್ ಸೈಕಲ್ಲಿನ ರೀತಿಯೇ ಬೇರೆ. ಅದು ತನ್ನ ನರಗಳನ್ನೆಲ್ಲ ಮೈಯೊಳಗೆ ಅಡಗಿಸಿಕೊಂಡು, ಮೇಲೆ ನುಣ್ಣನೆಯ ಬಣ್ಣವನ್ನು ಬಳಿದುಕೊಂಡು ನಿಂತಿರುತ್ತದೆ. ನೋಡಲು ಬಲು ಚೆಲುವು. ಕಾಯಿಲೆಯಾದಾಗ ಮಾತ್ರ ಬಲು ಮೌನ.

ಮೈಸೂರಿನ ಒಂದು ಮನೆಯಲ್ಲಿ ಇಂಥ ಸೈಕಲ್ಲೊಂದಿದೆ. ಕಾಲೇಜಿನಲ್ಲಿ ಓದುತ್ತಿರುವ ಮಗ ಪ್ರತಿ ಭಾನುವಾರ ನಸುಕಿನಲ್ಲಿ ಅದನ್ನೇರಿ ಚಾಮುಂಡಿ ಬೆಟ್ಟಕ್ಕೆ ಹೋಗುತ್ತಾನೆ. ಏರುವಾಗ ಕಾಲಿಗೆ ಕೆಲಸ. ಇಳಿಯುವಾಗ ಎಲ್ಲ ಭಾರವೂ ಬ್ರೇಕಿನ ಮೇಲೆ. ಹಿಂದಿನ ಬ್ರೇಕು ಬಿಗಿಯಾಗಿದೆ, ಹಿಡಿಯನ್ನು ಬಿಟ್ಟರೂ ಬೇಗನೆ ಹಿಂದಿರುಗುವುದಿಲ್ಲ ಎಂದು ಅವನಿಗೆ ತಿಂಗಳಿಂದಲೂ ಅನ್ನಿಸುತ್ತಿತ್ತು. ಒಂದು ಶನಿವಾರ ಹೊಸ ತಂತಿಯನ್ನು ತಂದು, ಅಂಗಳದಲ್ಲಿ ಕುಳಿತು, ಹಳೆಯದನ್ನು ಒಂದೇ ಉಸಿರಿಗೆ ಎಳೆದು ಹಾಕಿದ. ಹೊಸ ತಂತಿ ಮೇಲಿನ ಬಾರಿನ ಒಂದು ತೂತಿನಲ್ಲಿ ಸರಾಗವಾಗಿ ಒಳಹೋಯಿತು. ಇನ್ನೊಂದು ತೂತಿನಿಂದ ಹೊರಕ್ಕೆ ಬರಲಿಲ್ಲ. ತಳ್ಳಿದ, ತಿರುಗಿಸಿದ, ಸೈಕಲ್ಲನ್ನು ತಲೆಕೆಳಗು ಮಾಡಿ ಕುಲುಕಿದ. ಮಧ್ಯಾಹ್ನವಾಯಿತು.

ಆ ವೇಳೆಗೆ ತಂದೆ ನೆಲದ ಮೇಲೆ ಬಿದ್ದಿದ್ದ ಹಳೆಯ ತಂತಿಯನ್ನು ಎತ್ತಿ ಬೆಳಕಿಗೆ ಹಿಡಿದರು. ಬಾರಿನ ತೂತಿನೊಳಗೆ ಅಡಗಿದ್ದ ಭಾಗದಲ್ಲಿ ಅದು ತುಕ್ಕು ಹಿಡಿದಿತ್ತು. ಅರ್ಧಕ್ಕಿಂತ ಹೆಚ್ಚು ಎಳೆಗಳು ತುಂಡಾಗಿ ಮುಳ್ಳಿನಂತೆ ಎದ್ದು ನಿಂತಿದ್ದವು.

"ಕಳೆದ ವಾರ ಬೆಟ್ಟ ಇಳಿದದ್ದು ಇದನ್ನೇ ನಂಬಿಕೊಂಡೇನೋ?" ಎಂದರು. ಮಗ ಉತ್ತರ ಕೊಡಲಿಲ್ಲ.

ಈ ತಂತಿಯ ಕಥೆ ಹಳೆಯದು. ಕವಚದೊಳಗೆ ತಂತಿಯನ್ನು ಹಾಯಿಸಿ ಎಳೆತವನ್ನು ಸಾಗಿಸುವ ಏರ್ಪಾಡಿಗೆ ಅರ್ನೆಸ್ಟ್ ಮಾನಿಂಗ್ಟನ್ ಬೌಡೆನ್ ಎಂಬಾತ 1896ರಲ್ಲಿ ಬ್ರಿಟನ್ನಿನಲ್ಲಿ ಪೇಟೆಂಟ್ ಪಡೆದ. ರ‍್ಯಾಲೆ ಸೈಕಲ್ ಕಂಪನಿಯನ್ನು ಕಟ್ಟಿದ ಫ್ರಾಂಕ್ ಬೌಡೆನ್ ಬೇರೆಯವನು. ಹೆಸರಿನ ಸಾಮ್ಯದಿಂದ ಇಬ್ಬರನ್ನೂ ಒಂದು ಮಾಡುವವರುಂಟು. ಅಂಗಡಿಯವರ ಬಾಯಲ್ಲಿ ಒಳತಂತಿ ‘ಇನ್ನರ್’, ಹೊರಕವಚ ‘ಔಟರ್’. ಇನ್ನರ್ ಎಳೆಯುತ್ತದೆ, ಔಟರ್ ಆ ಎಳೆತವನ್ನು ಎದುರಿಸಿ, ಕುಗ್ಗದೆ ನಿಲ್ಲುತ್ತದೆ. ಎರಡರಲ್ಲಿ ಯಾವುದು ಸೋತರೂ ಬ್ರೇಕು ಸೋಲುತ್ತದೆ. ಹಲವು ಸೈಕಲ್ಲುಗಳಲ್ಲಿ ಔಟರ್ ಬಾರಿನ ಬಾಯಲ್ಲೇ ನಿಂತು, ಬರಿಯ ಇನ್ನರ್ ಮಾತ್ರ ಕೊಳವೆಯೊಳಗೆ ಸಾಗುತ್ತದೆ. ಅಲ್ಲಿ ಫ್ರೇಮೇ ಔಟರಿನ ಕೆಲಸವನ್ನು ವಹಿಸಿಕೊಳ್ಳುತ್ತದೆ.

ತಂತಿಯನ್ನು ಒಳಗೆ ಹಾಯಿಸುವುದೂ ತೀರ ಹೊಸ ಶೋಕಿಯಲ್ಲ. 1980ರ ದಶಕದ ಕೆಲವು ರೇಸಿಂಗ್ ಸೈಕಲ್ಲುಗಳಲ್ಲಿ ಹಿಂದಿನ ಬ್ರೇಕಿನ ತಂತಿ ಮೇಲಿನ ಬಾರಿನೊಳಗೇ ಹೋಗುತ್ತಿತ್ತು. ಇದರಿಂದ ಗಾಳಿಯ ತಡೆ ಕೊಂಚ ಕಡಿಮೆಯಾಗುತ್ತದೆ. ಕೆಸರು ಸಿಡಿಯುವುದು ತಪ್ಪುತ್ತದೆ. ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಮಹಡಿ ಹತ್ತುವವರಿಗೂ ಅನುಕೂಲ. ಆದರೆ ಮಳೆಯ ನೀರೂ ಸವಾರನ ಬೆವರೂ ತೂತಿನ ಬಾಯಲ್ಲಿ ಇಳಿಯುತ್ತವೆ. ತಂತಿ ಸವೆಯುವ ಜಾಗವೂ, ಕಣ್ಣಿಗೆ ಬೀಳದ ಜಾಗವೂ ಒಂದೇ ಆಗಿಬಿಡುತ್ತದೆ.

ಅಂಗಳದ ಗಲಾಟೆಯನ್ನು ಕೇಳಿ ಅಜ್ಜಿ ಹೊರಗೆ ಬಂದರು.

"ಬೆಳಗಿನಿಂದ ಅದರ ಹೊಟ್ಟೆಯಲ್ಲಿ ಏನು ಹುಡುಕುತ್ತಿದ್ದೀಯೋ ಮಗು?"

"ಹೊಸ ವೈರು ಒಳಗೆ ಹೋಯಿತು ಅಜ್ಜಿ, ಹೊರಗೆ ಬರುತ್ತಿಲ್ಲ."

"ಹಳೆಯದನ್ನು ಸುಮ್ಮನೆ ಎಳೆದುಬಿಟ್ಟೆಯಾ? ಲಂಗಕ್ಕೆ ಹೊಸ ಲಾಡಿ ಹಾಕುವಾಗ ಏನು ಮಾಡುತ್ತಾರೆ? ಹಳೆಯ ಲಾಡಿಯ ತುದಿಗೆ ಹೊಸದನ್ನು ಹೊಲಿದು, ಆಮೇಲಲ್ಲವೇ ಎಳೆಯುವುದು!"

ಮುದುಕಿಯ ಮಾತಿನಲ್ಲಿ ಈ ಕೆಲಸದ ಸಾರವೆಲ್ಲ ಅಡಗಿತ್ತು. ದಾರಿ ಬಲ್ಲದ್ದು ಹಳೆಯ ತಂತಿಯೊಂದೇ. ಅದನ್ನು ಹೊರಗೆ ಎಳೆಯುವ ಮೊದಲೇ ದಾರಿಯನ್ನು ಅದರಿಂದ ಕೇಳಿಕೊಂಡಿರಬೇಕು.

ಕ್ರಮ ಹೀಗಿದೆ. ಮೊದಲು ತಂತಿ ಎಲ್ಲಿ ಒಳಹೋಗಿ ಎಲ್ಲಿ ಹೊರಬರುತ್ತದೆಂಬುದರ ಚಿತ್ರವನ್ನು ತೆಗೆದಿಟ್ಟುಕೊಳ್ಳಬೇಕು. ಗೇರಿನ ತಂತಿಯಾದರೆ, ಅದು ಅತ್ಯಂತ ಸಡಿಲವಾಗುವ ಗೇರಿಗೆ ತರಬೇಕು. ಹಿಂದಿನ ಗೇರಿನಲ್ಲಿ ಸಾಮಾನ್ಯವಾಗಿ ಅದು ಅತಿ ಚಿಕ್ಕ ಹಲ್ಲುಚಕ್ರ. ತಿರುಪನ್ನು ಸಡಿಲಿಸಿ, ತುದಿಯಲ್ಲಿ ಬಿಚ್ಚಿಕೊಂಡ ಎಳೆಗಳನ್ನು ಕತ್ತರಿಸಬೇಕು. ಬಾರಿನೊಳಗೆ ಬರಿಯ ಇನ್ನರ್ ಇದ್ದರೆ, ಒಂದು ಸಣ್ಣ ಪ್ಲಾಸ್ಟಿಕ್ ಕೊಳವೆಯನ್ನು ಅದರ ಮೇಲೆ ಪೋಣಿಸಿ, ಇನ್ನೊಂದು ತೂತಿನಿಂದ ಹೊರಬರುವವರೆಗೆ ತಳ್ಳಬೇಕು. ಅನಂತರ ಹಳೆಯ ತಂತಿಯನ್ನು ಎಳೆದು, ಅದೇ ಕೊಳವೆಯಲ್ಲಿ ಹೊಸದನ್ನು ತೂರಿಸಿ, ಕೊನೆಗೆ ಕೊಳವೆಯನ್ನು ಜಾರಿಸಿ ತೆಗೆದರಾಯಿತು. ಔಟರ್ ಪೂರ್ತಿಯಾಗಿ ಬಾರಿನೊಳಗೇ ಹಾದುಹೋಗಿದ್ದರೆ, ಉದ್ದನೆಯ ತಂತಿಯೊಂದನ್ನು ಅದರೊಳಗೆ ಬಿಟ್ಟು, ಹಳೆಯ ಔಟರನ್ನು ಅದರ ಮೇಲಿನಿಂದ ಕಳಚಿ, ಹೊಸದನ್ನು ಅದೇ ತಂತಿಯ ಮೇಲೆ ಪೋಣಿಸಬೇಕು. ಒಳಗೆ ತಂತಿ ಬಡಿದು ಸದ್ದಾಗದಿರಲೆಂದು ಕೆಲವು ಸೈಕಲ್ಲುಗಳಲ್ಲಿ ಸ್ಪಂಜಿನ ತೋಳು ಹಾಕಿರುತ್ತಾರೆ. ಅದನ್ನು ಮರಳಿ ಹಾಕಲು ಮರೆಯಬಾರದು.

ದಾರಿ ಈಗಾಗಲೇ ತಪ್ಪಿದ್ದರೆ? ಆ ಮನೆಯಲ್ಲಿ ಮಾಡಿದ್ದನ್ನೇ ಮಾಡಬಹುದು. ಹೊಲಿಗೆಯ ದಾರದ ತುದಿಗೆ ಹತ್ತಿಯ ಸಣ್ಣ ಎಳೆಯನ್ನು ಕಟ್ಟಿ ಒಂದು ತೂತಿನಲ್ಲಿ ಇಳಿಬಿಟ್ಟರು. ಇನ್ನೊಂದು ತೂತಿಗೆ ಮನೆಯ ಧೂಳು ಹೀರುವ ಯಂತ್ರದ ಬಾಯಿಯನ್ನು ಹಿಡಿದರು. ಮೂರನೆಯ ಪ್ರಯತ್ನಕ್ಕೆ ದಾರ ಹೊರಬಂತು. ದಾರಕ್ಕೆ ಪ್ಲಾಸ್ಟಿಕ್ ಕೊಳವೆಯನ್ನು ಅಂಟುಪಟ್ಟಿಯಿಂದ ಬಿಗಿದು, ಮೆಲ್ಲನೆ ಎಳೆದರು. ಕೊಳವೆಯೊಳಗೆ ತಂತಿ ನುಸುಳಿತು. ಅಜ್ಜಿ ತಾವು ಗೆದ್ದವರಂತೆ ನಕ್ಕು ಒಳಗೆ ಹೋದರು.

ಇಷ್ಟಕ್ಕೆ ಕೆಲಸ ಮುಗಿಯಲಿಲ್ಲ. ಔಟರನ್ನೂ ಬದಲಿಸಬೇಕೆಂದು ಮಗ ಮನೆಯಲ್ಲಿ ಉಳಿದಿದ್ದ ಗೇರಿನ ಔಟರ್ ತುಂಡೊಂದನ್ನು ತಂದಿದ್ದ. ಇದು ಅಪಾಯದ ಜಾಗ. ಬ್ರೇಕಿನ ಔಟರಿನಲ್ಲಿ ಉಕ್ಕಿನ ಪಟ್ಟಿ ಸ್ಪ್ರಿಂಗಿನಂತೆ ಸುತ್ತಿರುತ್ತದೆ. ಕೈಯ ಬಲವೆಲ್ಲ ಬಿದ್ದರೂ ತಡೆಯುತ್ತದೆ. ಗೇರಿನದು ಹಾಗಲ್ಲ. ಜಪಾನಿನ ಶಿಮಾನೊ ಸಂಸ್ಥೆ 1984ರಲ್ಲಿ ‘ಟಿಕ್’ ಎಂದು ಒಂದೊಂದೇ ಹೆಜ್ಜೆ ಸರಿಯುವ ಗೇರನ್ನು ತಂದಿತು. ಇಂಥ ಗೇರುಗಳಿಗೆ ಕೂದಲೆಳೆಯಷ್ಟೂ ಕುಗ್ಗದ ಕವಚ ಬೇಕಾದ್ದರಿಂದ, ಅವುಗಳ ಔಟರಿನಲ್ಲಿ ತಂತಿಗಳನ್ನು ಉದ್ದುದ್ದಕ್ಕೆ ಜೋಡಿಸಿರುತ್ತಾರೆ. ಬ್ರೇಕನ್ನು ಬಲವಾಗಿ ಹಿಡಿದಾಗ ಸಾಮಾನ್ಯ ಗೇರ್ ಔಟರ್ ಸೀಳಿಹೋಗಬಹುದು. ಅದೂ ಇಳಿಜಾರಿನಲ್ಲಿ, ಅತ್ಯಗತ್ಯವಾದ ಕ್ಷಣದಲ್ಲಿ. ಬ್ರೇಕಿನ ಇನ್ನರ್ ಸುಮಾರು 1.5 ಮಿಲಿಮೀಟರ್ ದಪ್ಪ, ಗೇರಿನದು 1.1 ಅಥವಾ 1.2. ಅಂಗಡಿಯಲ್ಲಿ ಯಾವುದೆಂದು ಕೇಳಿಯೇ ಕೊಳ್ಳಬೇಕು.

ಔಟರನ್ನು ನೇರವಾಗಿ ಕತ್ತರಿಸಿ, ತುದಿಯನ್ನು ಅರದಿಂದ ಸಮಮಾಡಿ, ಮುಚ್ಚಿಕೊಂಡ ಬಾಯನ್ನು ದಬ್ಬಳದಿಂದ ಬಿಡಿಸಿ, ಟೋಪಿ ತೊಡಿಸಬೇಕು. ಹ್ಯಾಂಡಲ್ಲನ್ನು ಎರಡು ಕಡೆಗೂ ಪೂರ್ತಿ ತಿರುಗಿಸಿದಾಗ ಎಲ್ಲಿಯೂ ಜಗ್ಗದಷ್ಟು ಉದ್ದವಿರಬೇಕು. ತಿರುಪನ್ನು ಬಿಗಿದ ಮೇಲೆ ಬ್ರೇಕಿನ ಹಿಡಿಯನ್ನು ಹತ್ತಿಪ್ಪತ್ತು ಸಲ ಬಲವಾಗಿ ಅದುಮಬೇಕು; ಸಡಿಲವಾಗುವುದಾದರೆ ಅಂಗಳದಲ್ಲೇ ಆಗಲಿ. ಮನೆಯ ಕೊಬ್ಬರಿ ಎಣ್ಣೆ ಇದಕ್ಕೆ ಸಲ್ಲದು. ಡಿಸೆಂಬರಿನ ಚಳಿಯಲ್ಲಿ ಅದು ಬಾಟಲಿಯಲ್ಲಿ ಗಟ್ಟಿಯಾಗುವಂತೆ ತಂತಿಯ ಮೇಲೂ ಗಟ್ಟಿಯಾಗುತ್ತದೆ, ಧೂಳನ್ನೂ ಹಿಡಿಯುತ್ತದೆ.

ತಂತಿಯ ಬದಲು ದ್ರವದಿಂದ ನಡೆಯುವ ಡಿಸ್ಕ್ ಬ್ರೇಕುಗಳೂ, ಹ್ಯಾಂಡಲ್ಲಿನ ಬೇರಿಂಗಿನ ನಡುವೆಯೇ ಕೇಬಲ್ ಹಾಯುವ ಸೈಕಲ್ಲುಗಳೂ ಇವೆ. ಅವುಗಳನ್ನು ಪಳಗಿದ ಕೈಗೆ ಒಪ್ಪಿಸುವುದೇ ಜಾಣತನ. ಉಳಿದವರು ತಂತಿಯ ಮಾತಿಗೆ ಕಿವಿಗೊಡುವುದನ್ನು ಕಲಿಯಬೇಕು. ಗೇರು ಚಿಕ್ಕ ಚಕ್ರಕ್ಕೆ ಇಳಿಯಲು ತಡಮಾಡಿದರೆ, ಬ್ರೇಕಿನ ಹಿಡಿ ಸೋಮಾರಿಯಂತೆ ಹಿಂದಿರುಗಿದರೆ, ಒಳಗೆ ಏನೋ ಕೆಡುತ್ತಿದೆಯೆಂದೇ ಅರ್ಥ.

ಆ ಭಾನುವಾರ ಮಗ ಬೆಟ್ಟಕ್ಕೆ ಹೋಗಲಿಲ್ಲ. ಬ್ರೇಕಿನ ಔಟರನ್ನು ಅಂಗಡಿಯಿಂದ ತಂದು ಹಾಕಿ, ಮನೆಯ ಮುಂದಿನ ಸಮತಟ್ಟಾದ ರಸ್ತೆಯಲ್ಲಿ ಹತ್ತು ಸುತ್ತು ಬಂದ. ಪ್ರತಿ ಸುತ್ತಿಗೂ ನಿಲ್ಲಿಸಿ ನೋಡಿದ. ತಂದೆ ಗೇಟಿನ ಬಳಿ ನಿಂತಿದ್ದರು. ತುಂಡೆಳೆಗಳ ಆ ಹಳೆಯ ತಂತಿ ಕಸದ ಬುಟ್ಟಿಗೆ ಹೋಗಲಿಲ್ಲ. ಸೈಕಲ್ ನಿಲ್ಲಿಸುವ ಜಾಗದ ಮೇಲೆ, ಗೋಡೆಯ ಮೊಳೆಗೆ, ಅವನೇ ಅದನ್ನು ತೂಗುಹಾಕಿದ್ದಾನೆ.