ಮನೆಯ ಹಂಡೆ, ಸರ್ಕಾರದ ಮುದ್ರೆ

ಕಳೆದ ಬೇಸಗೆಯ ರಜೆಯಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ನಗರದಲ್ಲಿರುವ ನನ್ನ ಸೋದರಳಿಯನ ಮನೆಯಲ್ಲಿ ಕೆಲವು ದಿನ ತಂಗಿದ್ದೆ. ಒಂದು ಭಾನುವಾರ ಅವನು ಕಾರು ನಿಲ್ಲಿಸುವ ಕೊಠಡಿಯಲ್ಲಿ ದೊಡ್ಡ ಹಂಡೆಯೊಂದನ್ನು ಒಲೆಗೇರಿಸಿ ಬೀರ್ ತಯಾರಿಸುತ್ತಿದ್ದ. ವಾಚಕರು ಹುಬ್ಬುಗಂಟಿಕ್ಕಬೇಕಾಗಿಲ್ಲ, ಅಲ್ಲಿ ಅದು ಅಪರಾಧವಲ್ಲ.

"ಅಜ್ಜಿ ರಾಗಿಯನ್ನು ಮೊಳಕೆ ಕಟ್ಟುತ್ತಿದ್ದಳಲ್ಲ, ಮಾವ, ಇದರ ಮೊದಲ ಹೆಜ್ಜೆಯೂ ಅದೇ" ಎಂದ. ನಿಜವೇ. ಮೊಳೆಯಿಸಿ ಒಣಗಿಸಿದ ಜವೆಗೋದಿಯನ್ನು, ಸುಮಾರು 5 ಕಿಲೋ, ತರಿಯಾಗಿ ಒಡೆದು 66 ಡಿಗ್ರಿ ಬಿಸಿಯ ನೀರಿನಲ್ಲಿ ಒಂದು ಗಂಟೆ ಇಟ್ಟರೆ ಅದರ ಹಿಟ್ಟು ತಾನೇ ಸಕ್ಕರೆಯಾಗುತ್ತದೆ. ಆ ಸಿಹಿರಸವನ್ನು ಹಾಪ್ಸ್ ಎಂಬ ಬಳ್ಳಿಯ ಹೂವಿನೊಡನೆ ಕುದಿಸಬೇಕು. ಮೊದಲು ಹಾಕಿದ ಹೂವು ಕಹಿಯನ್ನೂ ಕೊನೆಯಲ್ಲಿ ಹಾಕಿದ್ದು ಕಂಪನ್ನೂ ಕೊಡುತ್ತದೆ. ತಣಿಸಿ, ಯೀಸ್ಟ್ ಬೆರೆಸಿ ಎರಡು ವಾರ ಹುದುಗಲು ಬಿಟ್ಟರೆ 19 ಲೀಟರ್ 'ಪೇಲ್ ಏಲ್' ಸಿದ್ಧ. ಹಿಂದಿನ ಸಲದ ಸೀಸೆಯಿಂದ ಒಂದು ಗುಟುಕು ನೋಡಿದೆ. ಕಹಿ ನನಗೆ ಹಿಡಿಸಲಿಲ್ಲ. ಚಕ್ಕೋತದ ಸಿಪ್ಪೆಯನ್ನು ನೆನಪಿಸುವ ಆ ಕಂಪು ಮಾತ್ರ ಹಿಡಿಸಿತು. ಅದು 1972ರಲ್ಲಿ ಬಳಕೆಗೆ ಬಂದ ಕ್ಯಾಸ್ಕೇಡ್ ತಳಿಯ ಗುಣವಂತೆ.

ಅಮೆರಿಕದಲ್ಲಿ ಪಾನನಿಷೇಧ 1933ರಲ್ಲಿಯೇ ತೊಲಗಿತಾದರೂ ಮನೆಯ ಬೀರ್ ಮತ್ತೆ 45 ವರ್ಷ ಅಪರಾಧವಾಗಿಯೇ ಉಳಿಯಿತು. 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಶಾಸನವು ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಎಂದರೆ ಸುಮಾರು 757 ಲೀಟರ್, ತೆರಿಗೆಯಿಲ್ಲದೆ ತಯಾರಿಸಲು ಬಿಟ್ಟಿತು, ಮಾರುವಂತಿಲ್ಲ. ಮನೆಯಲ್ಲಿಯೇ ಕೈ ಪಳಗಿಸಿಕೊಂಡ ಕೆನ್ ಗ್ರಾಸ್‌ಮನ್ 1980ರಲ್ಲಿ ಸಿಯೆರಾ ನೆವಾಡಾ ಪೇಲ್ ಏಲ್ ಹೊರತಂದರು. ಎಪ್ಪತ್ತರ ದಶಕದ ಕೊನೆಗೆ ನೂರನ್ನೂ ಮುಟ್ಟದಿದ್ದ ಬೀರ್ ತಯಾರಿಕಾಲಯಗಳು ಇಂದು 9,000ಕ್ಕೂ ಮಿಗಿಲು. ಶಾಸನವೊಂದೇ ಇದಕ್ಕೆ ಕಾರಣವೆನ್ನಲಾರೆ. ಕದ್ದುಮುಚ್ಚಿ ತಯಾರಿಸುವವರು ಮೊದಲೂ ಇದ್ದರು. ಆದರೆ ಕದ್ದು ಕಲಿತ ವಿದ್ಯೆಯನ್ನು ನೆರೆಯವನಿಗೆ ಹೇಳಿಕೊಡುವುದು ಕಷ್ಟ.

ಈಗ ಆ ಪ್ರವಾಹ ಇಳಿಮುಖವಾಗಿದೆ. 1896ರಲ್ಲಿ ಹುಟ್ಟಿದ ಸ್ಯಾನ್ ಫ್ರಾನ್ಸಿಸ್ಕೋದ ಆಂಕರ್ ಸಂಸ್ಥೆ 2023ರಲ್ಲಿ ಬಾಗಿಲು ಹಾಕಿತು. 2024ರಲ್ಲಿ ಹೊಸದಾಗಿ ತೆರೆದವುಗಳಿಗಿಂತ ಮುಚ್ಚಿದವೇ ಹೆಚ್ಚು. ಪತ್ರಿಕೆಗಳು ಇದಕ್ಕೆ ಮರುಗುತ್ತವೆ. ನನ್ನನ್ನು ಕಾಡಿದ್ದು ಬೇರೆ ಸಂಗತಿ: ಸೋದರಳಿಯನಿಗೆ ಧಾನ್ಯ ಒದಗಿಸುತ್ತಿದ್ದ ಅಂಗಡಿ ಮುಚ್ಚಿದೆ, ಕೂಡಿ ತಯಾರಿಸುತ್ತಿದ್ದ ನಾಲ್ವರು ಗೆಳೆಯರಲ್ಲಿ ಉಳಿದವನು ಇವನೊಬ್ಬನೇ. ಬೀದಿಯ ತಿರುವಿನಲ್ಲೇ ಒಳ್ಳೆಯ ಏಲ್ ಸಿಗುವಾಗ ದಿನವೆಲ್ಲ ಹಂಡೆಯ ಮುಂದೆ ಯಾರು ನಿಂತಾರು?

ನಮ್ಮಲ್ಲಿಯಾದರೋ 1965ರ ಅಬಕಾರಿ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಒಂದು ಕೊಡ ಬೀರ್ ತಯಾರಿಸಿದರೂ ಅಪರಾಧವೇ. ಕಳ್ಳಭಟ್ಟಿ ಎಷ್ಟೋ ಸಂಸಾರಗಳನ್ನು ನುಂಗಿದ ನಾಡಿನಲ್ಲಿ ಸರ್ಕಾರದ ಅಂಜಿಕೆ ಅಕಾರಣವಲ್ಲ. ಆದರೆ ಆ ಸಾವುಗಳನ್ನು ತಂದುದು ಮಿಥೈಲ್ ಮದ್ಯಸಾರದ ಕಲಬೆರಕೆ. ಮೊಳಕೆಕಾಳಿನ ಬೀರ್‌ನಲ್ಲಿ ಆ ವಿಷ ಪ್ರಾಣ ತೆಗೆಯುವಷ್ಟು ಹುಟ್ಟುವುದಿಲ್ಲ. 1978ರ ಅಮೆರಿಕದ ಶಾಸನವೂ ಮನೆಯಲ್ಲಿ ಭಟ್ಟಿಯಿಳಿಸಲು ಬಿಡಲಿಲ್ಲ. ಈ ಭೇದವನ್ನು ನಮ್ಮವರು ಎಣಿಸಿಲ್ಲ. ಬೆಂಗಳೂರಿನಲ್ಲಿ ಪರವಾನಗಿ ಪಡೆದ ಕಿರುತಯಾರಿಕಾಲಯಗಳಿವೆ. ಅಲ್ಲಿ ಹಣ ತೆತ್ತು ಕುಡಿಯಬಹುದು, ಮನೆಯಲ್ಲಿ ಕಲಿಯುವಂತಿಲ್ಲ.

ಸೋದರಳಿಯ ಮುಂದಿನ ವರ್ಷ ಊರಿಗೆ ಮರಳುವ ಯೋಚನೆಯಲ್ಲಿದ್ದಾನೆ. ಹಂಡೆಯನ್ನು ಅಲ್ಲಿಯೇ ಯಾರಿಗಾದರೂ ಕೊಟ್ಟು ಬಾರಪ್ಪ ಎಂದು ಹೇಳಿ ಬಂದೆ.