ಲಾಡ್ಜೋ, ದಿನಬಾಡಿಗೆ ಮನೆಯೋ?

ಯಾದಗಿರಿ, ಶಹಾಪುರ, ಸುರಪುರದ ಕುಟುಂಬಗಳು ದೊಡ್ಡ ಊರಿನಲ್ಲಿ ಉಳಿಯಬೇಕಾಗಿ ಬರುವ ಸಂದರ್ಭಗಳಲ್ಲಿ ಅತ್ಯಂತ ಕಷ್ಟದ್ದು ಆಸ್ಪತ್ರೆಯದು. ಮೊದಲಿಗಿಂತ ಈಗ ಅನುಕೂಲ ಹೆಚ್ಚಿದೆ. ಯಾದಗಿರಿಗೆ ವೈದ್ಯಕೀಯ ಕಾಲೇಜು ಬಂದಿದೆ. ಕಲಬುರಗಿಯಲ್ಲಿ 371 ಹಾಸಿಗೆಗಳ ಜಯದೇವ ಹೃದ್ರೋಗ ಆಸ್ಪತ್ರೆ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಕ್ಯಾನ್ಸರ್ ಚಿಕಿತ್ಸೆಯ ಕಿದ್ವಾಯಿ ಸಂಸ್ಥೆಯ ಕೇಂದ್ರವೂ ಅಲ್ಲಿದೆ. ಆದರೂ ಕಾಯಿಲೆ ಜಟಿಲವಾದರೆ ಹೈದರಾಬಾದಿನ ನಿಮ್ಸ್, ಬಸವತಾರಕಂ, ಇಲ್ಲವೇ ಬೆಂಗಳೂರಿನ ಕಿದ್ವಾಯಿ, ನಿಮ್ಹಾನ್ಸ್ ದಾರಿ ಹಿಡಿಯುವುದು ತಪ್ಪಿಲ್ಲ. ಅಲ್ಲಿ ಇಳಿದ ಕೂಡಲೇ ಎದುರಾಗುವ ಮೊದಲ ಪ್ರಶ್ನೆ ಎಲ್ಲಿ ಉಳಿಯಬೇಕು ಎಂಬುದು. ಲಾಡ್ಜ್ ಹಿಡಿಯಬೇಕೋ, ಅಡುಗೆಮನೆಯಿರುವ ಫ್ಲ್ಯಾಟನ್ನು ದಿನದ ಲೆಕ್ಕಕ್ಕೆ ಬಾಡಿಗೆಗೆ ಪಡೆಯಬೇಕೋ? ಬಹುತೇಕರು ಒಂದು ರಾತ್ರಿಯ ದರ ನೋಡಿ ತೀರ್ಮಾನಿಸುತ್ತಾರೆ. ನೋಡಬೇಕಾದದ್ದು ಎಷ್ಟು ಜನ, ಎಷ್ಟು ದಿನ, ಒಲೆ ಬೇಕೇ ಎಂಬ ಮೂರು ಸಂಗತಿ.

ಲೆಕ್ಕ ಹಾಕಿಯೇ ನೋಡೋಣ. ಲಾಡ್ಜಿನ ಕೋಣೆಗೆ ದಿನಕ್ಕೆ 1,200 ರೂಪಾಯಿ, ಮನೆಗೆ 1,800 ಎಂದಿಟ್ಟುಕೊಳ್ಳಿ. ಹೋಟೆಲಿನ ಊಟ-ತಿಂಡಿಗೆ ತಲೆಗೆ 250, ಮನೆಯಲ್ಲೇ ಬೇಯಿಸಿದರೆ 100 ಎನ್ನೋಣ. ಇಬ್ಬರಿದ್ದರೆ ಲಾಡ್ಜಿನಲ್ಲಿ ದಿನಕ್ಕೆ 1,700, ಮನೆಯಲ್ಲಿ 2,000. ಲಾಡ್ಜೇ ಮೇಲು. ಮೂವರಾದರೆ ಹೆಚ್ಚುವರಿ ಹಾಸಿಗೆಯ 300 ಸೇರಿ ಲಾಡ್ಜಿಗೆ 2,250, ಮನೆಗೆ 2,100. ದಿನಕ್ಕೆ ಉಳಿಯುವುದು 150 ಮಾತ್ರ. ಮನೆಯವರು ಸ್ವಚ್ಛತೆಗೆಂದು ಒಮ್ಮೆ 800 ಕೇಳಿದರೆ ಆರನೇ ದಿನದಿಂದಷ್ಟೇ ಲಾಭ ಕಾಣುತ್ತದೆ. ನಾಲ್ವರಿದ್ದು ಎರಡು ಕೋಣೆ ಬೇಕಾದರೆ ಲಾಡ್ಜಿಗೆ 3,400, ಮನೆಗೆ 2,200. ಮೊದಲ ದಿನದಿಂದಲೇ ಮನೆ ಅಗ್ಗ. ಊರು, ಬಡಾವಣೆಗೆ ತಕ್ಕಂತೆ ದರಗಳು ಬದಲಾಗುತ್ತವೆ. ಆದರೆ ಜನ ಮತ್ತು ದಿನ ಹೆಚ್ಚಿದಷ್ಟೂ ತಕ್ಕಡಿ ಮನೆಯ ಕಡೆ ವಾಲುವುದು ಬದಲಾಗದು. ನೇಮಕಾತಿ ಪರೀಕ್ಷೆಗೋ, ಹೈಕೋರ್ಟ್ ಕೆಲಸಕ್ಕೋ ಒಂದು ರಾತ್ರಿಗೆ ಹೋಗುವವರಿಗೆ ಲಾಡ್ಜ್ ಬಿಟ್ಟು ಬೇರೆ ಯೋಚನೆಯೇ ಬೇಡ.

ಚಿಕಿತ್ಸೆಗೆ ಹೋದವರ ಲೆಕ್ಕ ದುಡ್ಡಿಗೇ ಮುಗಿಯುವುದಿಲ್ಲ. ಕ್ಯಾನ್ಸರಿನ ರೇಡಿಯೋಥೆರಪಿ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಹಲವು ವಾರ ನಡೆಯುತ್ತದೆ. ಪ್ರತಿ ಸಲ ಮೇಜಿನ ಮೇಲೆ ಮಲಗುವುದು ಕೆಲವೇ ನಿಮಿಷ. ಆದ್ದರಿಂದ ಅನೇಕರನ್ನು ಒಳರೋಗಿಯಾಗಿ ಸೇರಿಸಿಕೊಳ್ಳುವುದಿಲ್ಲ. ದಿನವೂ ಬಂದು ಹೋಗಬೇಕು. ದಿನಾ ಸುಮಾರು ಐನೂರು ಕಿಲೋಮೀಟರ್ ದೂರದ ಯಾದಗಿರಿಯಿಂದ ಬೆಂಗಳೂರಿಗೆ ಬರಲಾದೀತೇ? ಕೀಮೋಥೆರಪಿಯಲ್ಲಿ ಬಿಳಿ ರಕ್ತಕಣಗಳು ಕುಸಿದಾಗ ಸೋಂಕಿನ ಭಯವಿರುತ್ತದೆ, ಆಗಷ್ಟೇ ಬೇಯಿಸಿದ ಊಟ ಬೇಕಾಗುತ್ತದೆ. ಬಾಯಿಹುಣ್ಣಾದವರಿಗೆ ಖಾರ ಸೇರದು, ಕಿಡ್ನಿ ರೋಗಿಗೆ ಉಪ್ಪು ಕಡಿಮೆಯಿರಬೇಕು. ಹೋಟೆಲಿನವರು ಒಬ್ಬರಿಗಾಗಿ ಬೇರೆ ಅಡುಗೆ ಮಾಡಿಕೊಡಲಾರರು. ರಾತ್ರಿ ಹನ್ನೊಂದಕ್ಕೆ ಗಂಜಿ ಕಾಯಿಸಲು ಲಾಡ್ಜಿನ ಕೋಣೆಯಲ್ಲಿ ಒಲೆ ಇರುವುದಿಲ್ಲ. ಜೊತೆಗೆ ಬಂದವರ ಪಾಡೂ ಅಷ್ಟೇ. ಊರಿಂದ ಕಟ್ಟಿಕೊಂಡು ಬಂದ ಕಟಕ್ ರೊಟ್ಟಿ, ಶೇಂಗಾ ಹಿಂಡಿ ಎಷ್ಟು ದಿನ ಬಂದೀತು? ವಾರಗಟ್ಟಲೆ ಉಳಿಯುವ ಕುಟುಂಬಕ್ಕೆ ಒಲೆ ಎಂದರೆ ಔಷಧದಷ್ಟೇ ಅಗತ್ಯ.

ಲಾಡ್ಜಿನ ಪರವಾಗಿ ಹೇಳುವವರ ಮಾತಿನಲ್ಲೂ ತೂಕವಿದೆ. ಅಲ್ಲಿ ರಿಜಿಸ್ಟರ್ ಇದೆ, ಗುರುತಿನ ಚೀಟಿ ಕೇಳುತ್ತಾರೆ, ಕೌಂಟರಿನಲ್ಲಿ ರಾತ್ರಿಯೂ ಯಾರಾದರೂ ಇರುತ್ತಾರೆ. ಹೆಣ್ಣುಮಕ್ಕಳಷ್ಟೇ ಬಂದಿದ್ದರೆ ಇದು ಸಣ್ಣ ವಿಷಯವಲ್ಲ. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲೋ, ಶಹಾಪುರ-ಸುರಪುರದ ರಾತ್ರಿ ಬಸ್ಸಿನಲ್ಲೋ ಹೊರಟು ಬೆಳಗ್ಗೆ ಇಳಿದವರಿಗೆ ಲಾಡ್ಜಿನ ಬಾಗಿಲು ತೆರೆದಿರುತ್ತದೆ. ಫ್ಲ್ಯಾಟಿನವರು ಮಧ್ಯಾಹ್ನದವರೆಗೆ ಕಾಯಿಸುವುದುಂಟು. ವೈದ್ಯರು ಒಂದೇ ದಿನಕ್ಕೆ ವಾಪಸ್ ಕಳಿಸಿದರೆ ಲಾಡ್ಜನ್ನು ಆಗಲೇ ಖಾಲಿ ಮಾಡಬಹುದು. ಮನೆಗೆ ಕೊಟ್ಟ ಮುಂಗಡ ಹಿಂದಿರುಗುವುದು ಮಾಲೀಕರ ಮರ್ಜಿ. ಹಾಗಾಗಿ ಮೊದಲ ಎರಡು ರಾತ್ರಿ ಲಾಡ್ಜಿನಲ್ಲಿದ್ದು, ಚಿಕಿತ್ಸೆ ಎಷ್ಟು ದಿನವೆಂದು ವೈದ್ಯರು ಹೇಳಿದ ಮೇಲೆ, ಕಣ್ಣಾರೆ ನೋಡಿ ಮನೆ ಹಿಡಿಯುವುದೇ ಜಾಣತನ. ಆಸ್ಪತ್ರೆಗೆ ನಡೆದು ಹೋಗುವಷ್ಟು ಹತ್ತಿರ, ನೆಲಮಹಡಿ ಅಥವಾ ಲಿಫ್ಟ್, ಮುಂಗಡಕ್ಕೆ ರಸೀದಿ, ಕರೆಂಟು-ನೀರು-ಗ್ಯಾಸಿನ ಲೆಕ್ಕ ಇವಿಷ್ಟನ್ನು ಮೊದಲೇ ಬಗೆಹರಿಸಿಕೊಳ್ಳಬೇಕು. ಫೋಟೊ ನೋಡಿ ಪೂರ್ತಿ ಹಣ ಕಳಿಸಬಾರದು.

ದಿನಬಾಡಿಗೆ ಮನೆಗಳು ಹೆಚ್ಚಿದರೆ ಅಲ್ಲಿನ ನಿವಾಸಿಗಳಿಗೆ ಬಾಡಿಗೆ ಏರುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಇದು ಬರೀ ಊಹೆಯಲ್ಲ. ನ್ಯೂಯಾರ್ಕ್ ನಗರ 2023ರ ಸೆಪ್ಟೆಂಬರ್‌ನಿಂದ ನೋಂದಣಿ ಕಡ್ಡಾಯ ಮಾಡಿ, 30 ದಿನಕ್ಕಿಂತ ಕಡಿಮೆ ಅವಧಿಗೆ ಇಡೀ ಮನೆ ಕೊಡುವುದನ್ನು ಬಿಗಿಯಾಗಿ ತಡೆಯಿತು. ಬಾರ್ಸಿಲೋನಾ 2028ರ ಹೊತ್ತಿಗೆ ಪ್ರವಾಸಿ ಫ್ಲ್ಯಾಟುಗಳ ಹತ್ತು ಸಾವಿರಕ್ಕೂ ಹೆಚ್ಚು ಪರವಾನಗಿಗಳನ್ನು ಕೊನೆಗೊಳಿಸುವುದಾಗಿ 2024ರಲ್ಲಿ ಘೋಷಿಸಿತು. ಆ ಊರುಗಳು ತಡೆಯಹೊರಟದ್ದು ಮುಖ್ಯವಾಗಿ ನಿವಾಸಿಗಳ ಮನೆಗಳು ಪ್ರವಾಸಿಗಳ ಪಾಲಾಗುವುದನ್ನು. ರೋಗಿಯ ಕುಟುಂಬ ಬಾಡಿಗೆ ಏರಿಸಲು ಬಂದದ್ದಲ್ಲ, ಚಿಕಿತ್ಸೆ ಮುಗಿಸಿ ಊರು ಸೇರಲು ಬಂದದ್ದು. ಅವರನ್ನು ಒಂದೇ ನಿಯಮದಲ್ಲಿ ಹೊರಹಾಕುವುದು ನ್ಯಾಯವಲ್ಲ. ಆದರೆ ನೋಂದಣಿ ಬೇಕೆಂಬ ಪಾಠ ಇಲ್ಲಿಗೂ ಸಲ್ಲುತ್ತದೆ. ಬೆಂಗಳೂರಿನ ಕಿದ್ವಾಯಿ ಬಳಿಯ ಲಕ್ಕಸಂದ್ರ, ವಿಲ್ಸನ್ ಗಾರ್ಡನ್ ಸುತ್ತ ದಿನಬಾಡಿಗೆಗೆ ಮನೆ ಕೊಡುವವರು ಪಾಲಿಕೆಯಲ್ಲಿ ಹೆಸರು ಬರೆಸಿ, ದರಪಟ್ಟಿಯನ್ನು ಬಾಗಿಲಿಗೆ ಹಾಕುವಂತಾದರೆ ಬಾಡಿಗೆದಾರರಿಗೂ ಭದ್ರತೆ, ನೆರೆಹೊರೆಗೂ ನೆಮ್ಮದಿ.

ಇದಕ್ಕಿಂತ ದೊಡ್ಡ ಹೊಣೆ ಸರ್ಕಾರದ್ದು. ಕಿದ್ವಾಯಿಯಲ್ಲಿ ಧರ್ಮಶಾಲೆ ಇದೆ, ಆದರೆ ಅದೊಂದೇ ಇಡೀ ರಾಜ್ಯದ ರೋಗಿಗಳಿಗೆ ಸಾಲುವಂಥದ್ದಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರ ಬಜೆಟ್ಟಿನಲ್ಲಿ ಘೋಷಿಸಿದ್ದು 5,000 ಕೋಟಿ ರೂಪಾಯಿ. ಸಂವಿಧಾನದ 371(ಜೆ) ವಿಧಿ ಈ ಭಾಗಕ್ಕೆ ದಕ್ಕಿದ್ದು ಹಿಂದುಳಿದಿರುವಿಕೆ ನೀಗಲಿ ಎಂದೇ. ತಜ್ಞವೈದ್ಯರು ಎಲ್ಲ ತಾಲ್ಲೂಕಿಗೆ ಬರುವವರೆಗೂ, ಕಲಬುರಗಿ ಮತ್ತು ಬೆಂಗಳೂರಿನ ಆಸ್ಪತ್ರೆಗಳ ಪಕ್ಕದಲ್ಲಿ ಕುಟುಂಬಕ್ಕೊಂದು ಕೋಣೆ ಮತ್ತು ಒಲೆ ಇರುವ ವಸತಿಗೃಹ ಕಟ್ಟುವುದು ಆ ಉದ್ದೇಶದ ಹೊರಗಿನ ಖರ್ಚಲ್ಲ. ಯಾದಗಿರಿ, ಶಹಾಪುರ, ಸುರಪುರದ ಶಾಸಕರು ಮಂಡಳಿಯ ಮುಂದಿನ ಕ್ರಿಯಾಯೋಜನೆಯಲ್ಲಿ ಈ ಬೇಡಿಕೆಯನ್ನು ಸೇರಿಸಬೇಕು. ಮತದಾರರು ಅದನ್ನು ಅವರ ಬಳಿ ಕೇಳಬೇಕು.